ಗೇರಿನ ಉಸಿರು, ದಿನಕ್ಕೊಂದು ಸಲ

ಡಿಪೋದಲ್ಲಿ ಎಲ್ಲರೂ ಅವನನ್ನು ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಇಟ್ಟವರು ಗೇಲಿಗೆಂದು ಇಟ್ಟ ಹೆಸರನ್ನು ಅವನು ಬಿರುದೆಂದು ಇಟ್ಟುಕೊಂಡಿದ್ದ. ಇಪ್ಪತ್ತೆರಡು ವರ್ಷ ಸಿಟಿ ಬಸ್ ಓಡಿಸಿ ಒಂದು ಸೈಕಲ್ಲಿಗೂ ತಾಗಿಸಿದವನಲ್ಲ. ಅವನು ಬ್ರೇಕ್ ಹಾಕಿದರೆ ಹಿಂದೆ ನಿದ್ದೆ ಹೋದವರಿಗೆ ಎಚ್ಚರವಾಗುವುದಿಲ್ಲ, ಸ್ಟಾಪ್ ತಪ್ಪಿಸಿಕೊಂಡು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ ಎಂದು ಅವನ ಬಸ್ಸಿನ ಕಂಡಕ್ಟರಮ್ಮ ಹೊಸಬರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಸ್ಸಿಗೆ ಚಾವಿ ಹಾಕುವಾಗ ಗೇರ್‌ಬಾಕ್ಸ್ ಕಡೆಯಿಂದ ಸಣ್ಣಗೆ ಮಿಯಾಂವ್ ಕೇಳಿಸಿತು. ಅವನು ಚಾವಿ ತಿರುಗಿಸಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿ, ತಾನೂ ಬಸ್ಸಿನ ಕೆಳಗೆ ಮಲಗಿ, ಗ್ರೀಸು ಮೆತ್ತಿದ ಹಿಡಿಯಷ್ಟು ಮರಿಯನ್ನು ಹೊರಗೆಳೆದ. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು, ಅವನಿಗೊಂದು ಮೆಮೊ ಬಂತು. ಸಂಜೆ ಮರಿಯನ್ನು ಮನೆಗೆ ತಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಮೆಮೊ ನಿಮಗೆ, ಇದನ್ನು ತೊಳೆಯುವ ಕರ್ಮ ನನಗಾ ಎಂದು ಕೇಳಿದಳು. ಕೇಳುತ್ತಲೇ ಬಿಸಿನೀರು ಕಾಯಿಸಲು ಇಟ್ಟಳು. ಗೇರ್‌ಬಾಕ್ಸ್ ಹತ್ತಿರ ಸಿಕ್ಕಿದ್ದಕ್ಕೆ ಅದಕ್ಕೆ ಗೇರು ಎಂದೇ ಹೆಸರಾಯಿತು.

ಮನೆಯಲ್ಲಿ ಇದ್ದವರು ಗಂಡ, ಹೆಂಡತಿ, ಗೇರು. ಹೆಂಡತಿ ಅಂಗಡಿಯೊಂದಕ್ಕೆ ಕಿಟಕಿ ಪರದೆ ಹೊಲಿದುಕೊಡುತ್ತಿದ್ದಳು. ಮುಂದಿನ ಕೋಣೆಯ ತುಂಬ ಅವಳ ಹೊಲಿಗೆ ಯಂತ್ರ, ಬಟ್ಟೆಯ ಥಾನುಗಳು. ಮಡಿಸಿಟ್ಟ ಪರದೆಗಳಲ್ಲಿ ಯಾವುದು ಎಲ್ಲಕ್ಕಿಂತ ದುಬಾರಿಯೋ ಅದರ ಮೇಲೇ ಗೇರು ಮಲಗುತ್ತಿತ್ತು. ಕಡಿಮೆ ಬೆಲೆಯ ಬಟ್ಟೆ ಕೊಟ್ಟರೆ ಮೂಸಿ ನೋಡಿ ಎದ್ದುಹೋಗುತ್ತಿತ್ತು.

ಒಂಬತ್ತು ವರ್ಷ ಹೀಗೇ ಹೋಯಿತು. ಆಮೇಲೊಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದ ಗೇರು ನೆಲದ ಮೇಲೆ ಕುಸಿದು, ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಅಂದು ರಜೆಯಲ್ಲಿದ್ದ ನಿಧಾನಣ್ಣ ಅದನ್ನು ಎತ್ತಿಕೊಂಡ. ಗಂಡ ಹೆಂಡತಿ ಟ್ಯಾಕ್ಸಿಯಲ್ಲಿ ಪ್ರಾಣಿಗಳ ಆಸ್ಪತ್ರೆಗೆ ಓಡಿದರು. ಡಾಕ್ಟರು ಆಮ್ಲಜನಕದ ಪೆಟ್ಟಿಗೆಯಲ್ಲಿಟ್ಟು, ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ಮಾಡಿ, ಇದರ ಹೃದಯದ ಗೋಡೆ ದಪ್ಪವಾಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿದೆ ಎಂದರು. ವಾಸಿಯಾಗುವ ಕಾಯಿಲೆಯಲ್ಲ, ಆದರೆ ಮಾತ್ರೆಯಿಂದ ಹಿಡಿತದಲ್ಲಿಡಬಹುದು. ಎರಡು ದಿನ ಬಿಟ್ಟು ಮನೆಗೆ ಕಳಿಸುವಾಗ ಒಂದು ಕೆಲಸ ಒಪ್ಪಿಸಿದರು: ಬೆಕ್ಕು ಮಲಗಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ಎಣಿಸಿ. ಮೂವತ್ತರ ಒಳಗಿದ್ದರೆ ಚಿಂತೆಯಿಲ್ಲ. ನಲವತ್ತು ದಾಟಿದರೆ ತಡಮಾಡದೆ ಕರೆತನ್ನಿ.

ನಿಧಾನಣ್ಣ ಎಣಿಸಲು ಶುರುಮಾಡಿದ. ಎದ್ದಾಗ ಎಣಿಸಿದ, ಡ್ಯೂಟಿಗೆ ಹೊರಡುವಾಗ ಎಣಿಸಿದ, ಬಂದು ಶೂ ಬಿಚ್ಚುವ ಮೊದಲೇ ಎಣಿಸಿದ. ಇಪ್ಪತ್ತಾರು ಬಂದರೆ ನೆಮ್ಮದಿ ಐದು ನಿಮಿಷ. ಸರಿಯಾಗಿ ಎಣಿಸಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ಕುಳಿತುಕೊಳ್ಳುತ್ತಿದ್ದ. ಇಪ್ಪತ್ತೊಂಬತ್ತು ಬಂದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತಾಗಲೆಲ್ಲ ಮನೆಗೆ ಫೋನ್ ಮಾಡಿ ಎಣಿಸಿ ಹೇಳು ಎಂದು ಹೆಂಡತಿಯ ಜೀವ ತಿನ್ನುತ್ತಿದ್ದ. ತಿಂಗಳೊಳಗೆ ಅವನ ಕಣ್ಣು ಗುಳಿ ಬಿದ್ದವು. ಗೇರು ಮಾತ್ರ ಮೈ ತುಂಬಿಕೊಂಡಿತು. ಆದರೆ ಅವನು ಕೈಗಡಿಯಾರ ನೋಡುತ್ತ ಹತ್ತಿರ ಬಂದರೆ ಸಾಕು, ಎದ್ದು ಮಂಚದಡಿ ಹೋಗಿಬಿಡುತ್ತಿತ್ತು. ಹೆಂಡತಿ ಯಂತ್ರ ನಿಲ್ಲಿಸಿ ಒಂದೇ ಮಾತು ಹೇಳಿದಳು.

"ಅದರ ಉಸಿರು ಎಣಿಸಿ ಎಣಿಸಿ ನಿಮ್ಮ ಉಸಿರು ಕಟ್ತಾ ಇದೆ. ಕನ್ನಡೀಲಿ ಒಂದು ಸಲ ಮುಖ ನೋಡ್ಕೊಳ್ಳಿ."

ಅವನು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳುವಂತೆ ಮಾಡಿದ್ದು ಒಂದು ಬಸ್ ಸ್ಟಾಪು.

ಅದು ಗ್ರಂಥಾಲಯದ ಎದುರಿನ ಸ್ಟಾಪು. ಆ ದಿನ ಹೊರಡುವಾಗ ಲೆಕ್ಕ ಮೂವತ್ತೊಂದು ಬಂದಿತ್ತು. ಬಸ್ಸು ಓಡುತ್ತಿತ್ತು, ಅವನ ತಲೆಯಲ್ಲಿ ಮೂವತ್ತೊಂದು ಓಡುತ್ತಿತ್ತು. ಹಿಂದಿನಿಂದ ಕಂಡಕ್ಟರಮ್ಮ ಮೂರು ಸಲ ಬೆಲ್ ಹೊಡೆದಾಗಲೇ ಅವನಿಗೆ ಗೊತ್ತಾದದ್ದು, ಸ್ಟಾಪು ಹಿಂದೆ ಉಳಿದಿದೆ ಎಂದು. ಕನ್ನಡಿಯಲ್ಲಿ ಕಂಡಳು: ಊರುಗೋಲು ಹಿಡಿದ ಮುದುಕಿ, ಬಸ್ ನಿಲ್ಲಲೆಂದು ಎತ್ತಿದ ಕೈ ಇನ್ನೂ ಹಾಗೇ ಇತ್ತು. ರಸ್ತೆಗೆ ಒಂದು ಹೆಜ್ಜೆ ಇಳಿದಿದ್ದಳು ಕೂಡ.

ಅವನು ಬಸ್ಸನ್ನು ಬದಿಗೆ ಹಾಕಿ, ಇಳಿದು, ಹಿಂದಕ್ಕೆ ನಡೆದುಹೋದ. ತಪ್ಪಾಯಿತಮ್ಮ ಎಂದು ಅವಳ ಚೀಲ ತೆಗೆದುಕೊಂಡು, ತೋಳು ಹಿಡಿದು ಕರೆತಂದು ಸೀಟಿನಲ್ಲಿ ಕೂರಿಸಿದ. ಮುದುಕಿ ಬೈಯಲಿಲ್ಲ. ಮೈಗೆ ಹುಷಾರಿಲ್ಲವಾ ಮಗಾ ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಟ್ರಿಪ್ಪು ಮುಗಿದ ಮೇಲೆ ಕಂಡಕ್ಟರಮ್ಮ ಟಿಕೆಟ್ ಯಂತ್ರ ಪಕ್ಕಕ್ಕಿಟ್ಟು ಡ್ರೈವರ್ ಸೀಟಿನ ಹತ್ತಿರ ಬಂದಳು. ಹನ್ನೊಂದು ವರ್ಷ ಒಟ್ಟಿಗೆ ದುಡಿದವಳು, ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

"ಅಣ್ಣ, ಇವತ್ತು ಸ್ಟಾಪ್ ಬಿಟ್ರಿ. ನಾಳೆ ಏನು ಬಿಡ್ತೀರಿ ಅಂತ ನಂಗೆ ಭಯ."

ಅವನು ಅವಳ ಕಡೆ ತಿರುಗಿದ. ನಾಳೆಯಿಂದ ಹೀಗಾಗಲ್ಲ ಎಂದ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಡ್ಯೂಟಿ ಮುಗಿಸಿ ನೇರ ಆಸ್ಪತ್ರೆಗೆ ಹೋದ, ಬೆಕ್ಕಿಲ್ಲದೆ, ಒಬ್ಬನೇ.

ಡಾಕ್ಟರು ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡಿ ಮಾತಾಡುವವರು. ಬೆಕ್ಕೆಲ್ಲಿ ಎಂದು ಕೇಳಿದರು. ಬೆಕ್ಕು ಆರಾಮಾಗಿದೆ, ಆರಾಮಿಲ್ಲದ್ದು ನನಗೆ ಎಂದ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ದಿನಕ್ಕೆ ಎಷ್ಟು ಸಲ ಎಣಿಸಬೇಕು ಸರ್ ಎಂದು ಕೇಳಿದ.

"ಒಂದು ಸಲ," ಎಂದರು ಡಾಕ್ಟರು. "ಒಂದೇ ಹೊತ್ತಿಗೆ, ಗಾಢವಾಗಿ ಮಲಗಿದಾಗ. ಉಳಿದ ಹೊತ್ತು ನೀವು ಎಣಿಸೋದು ಬೆಕ್ಕಿಗಲ್ಲ, ನಿಮ್ಮ ಭಯಕ್ಕೆ. ಅದಕ್ಕೆಷ್ಟು ಕೊಟ್ರೂ ಸಾಲಲ್ಲ."

ಇದು ಎಷ್ಟು ದಿನ ಬದುಕುತ್ತದೆ ಎಂದೂ ಕೇಳಿದ. ನನಗೆ ಗೊತ್ತಿಲ್ಲ, ಗೊತ್ತಿದೆ ಅನ್ನುವವರನ್ನು ನಂಬಬೇಡಿ ಎಂದರು. ವಿಚಿತ್ರವೆಂದರೆ, ಆ ಗೊತ್ತಿಲ್ಲ ಎಂಬ ಮಾತಿನಿಂದಲೇ ಅವನ ಹೆಗಲು ಸ್ವಲ್ಪ ಇಳಿಯಿತು. ತಾನೊಬ್ಬನೇ ತಿಳಿಯದವನು ಎಂದುಕೊಂಡಿದ್ದ.

ಆ ಸಂಜೆ ಮನೆಯಲ್ಲಿ ಹೊಸ ಕಟ್ಟಳೆ ಜಾರಿಗೆ ಬಂತು. ದಿನಕ್ಕೊಂದೇ ಲೆಕ್ಕ, ಸಂಜೆ ಐದಕ್ಕೆ. ಮನೆಗೆ ಬಂದ ಕೂಡಲೇ ಕೈಗಡಿಯಾರ ಬಿಚ್ಚಿ ಫ್ರಿಜ್ಜಿನ ಮೇಲಿಡುವುದು. ಡ್ಯೂಟಿಯಲ್ಲಿ ಮನೆಗೆ ಫೋನ್ ಇಲ್ಲ. ಏನಾದರೂ ಆದರೆ ಹೆಂಡತಿಯೇ ಮಾಡುತ್ತಾಳೆ. ಬೆಕ್ಕನ್ನು ಒಯ್ಯುವ ಪೆಟ್ಟಿಗೆ ಬಾಗಿಲ ಹತ್ತಿರ ಸಿದ್ಧ, ಡಾಕ್ಟರ ನಂಬರು, ಟ್ಯಾಕ್ಸಿಯವನ ನಂಬರು ಗೋಡೆಯ ಮೇಲೆ ದಪ್ಪಕ್ಷರದಲ್ಲಿ. ಹೆಂಡತಿ ಎಲ್ಲ ಕೇಳಿಸಿಕೊಂಡು, ಬರೆಯುವುದು ಬರೆಯಿರಿ, ನಾಳೆ ನೋಡೋಣ ಎಂದಳು.

ಮೊದಲ ವಾರ ಅವನಿಗೆ ನರಕ. ಕೈ ತಾನಾಗಿಯೇ ಮಣಿಕಟ್ಟಿಗೆ ಹೋಗುತ್ತಿತ್ತು, ಕಾಲು ಪರದೆಗಳ ಕಡೆಗೆ ಹೋಗುತ್ತಿತ್ತು. ಆಗೆಲ್ಲ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದನ್ನು ಕಂಡ ಹೆಂಡತಿ, ಹೀಗೇ ಆದರೆ ತಳ ತೂತಾಗುತ್ತದೆ ಎಂದಳು. ಬಸ್ಸಿನಲ್ಲಿ ಭಯ ಎದ್ದರೆ ಮುಂದಿನ ಸ್ಟಾಪಿನ ಹೆಸರನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ. ಪ್ರಯಾಣಿಕರು ತಮಗೇ ಹೇಳುತ್ತಿದ್ದಾನೆ ಎಂದುಕೊಂಡು ಸಂತೋಷಪಟ್ಟರು. ಮಾತ್ರೆ ನುಂಗಿಸುವುದೂ ದೊಡ್ಡ ಯುದ್ಧವೇ. ನುಂಗಿದ ಹಾಗೆ ನಟಿಸಿ, ಆಮೇಲೆ ಅವನ ಶೂ ಒಳಗೆ ಉಗುಳಿ ಹೋಗುವ ಕಲೆ ಗೇರಿಗೆ ಸಿದ್ಧಿಸಿತ್ತು. ಅವನೂ ಪಟ್ಟು ಬಿಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿ, ನಾಲಿಗೆಯ ಹಿಂಬದಿಗೆ ಇಟ್ಟು, ಗಂಟಲು ಸವರುವುದನ್ನು ಕಲಿತ. ಎರಡು ತಿಂಗಳಲ್ಲಿ ಭಯ ಹೋಗಲಿಲ್ಲ, ಆದರೆ ಹೇಳಿದ ಕಡೆ ಕೂರುವಷ್ಟು ಪಳಗಿತು. ಮಂಚದಡಿ ಓಡುತ್ತಿದ್ದ ಗೇರು ಮತ್ತೆ ಅವನ ತೊಡೆಗೆ ಬಂತು.

ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಬಸ್ಸು ಕೊನೆಯ ಸ್ಟಾಪಿನಲ್ಲಿ ತಿರುಗಿ ನಿಂತಿದ್ದಾಗ ಫೋನ್ ಬಂತು. ಹೆಂಡತಿಯ ಧ್ವನಿ ಸಮನಾಗಿತ್ತು.

"ನಲವತ್ತಾರು ಇದೆ. ಎರಡು ಸಲ ಎಣಿಸ್ದೆ. ಟ್ಯಾಕ್ಸಿಗೆ ಹೇಳಿದೀನಿ, ನಾನು ಕರ್ಕೊಂಡು ಹೋಗ್ತೀನಿ. ನೀವು ಬಸ್ ಬಿಟ್ಟು ಬರಬೇಡಿ."

ಬಸ್ಸಿನಲ್ಲಿ ಆಗಲೇ ನಲವತ್ತು ಜನ ಕುಳಿತಿದ್ದರು. ಡಿಪೋವರೆಗೆ ಹತ್ತೊಂಬತ್ತು ಸ್ಟಾಪು, ಮಧ್ಯದಲ್ಲಿ ಬದಲಿ ಡ್ರೈವರ್ ಇಲ್ಲ. ಅವನು ಫೋನ್ ಜೇಬಿಗಿಟ್ಟ. ನೀರು ಕುಡಿದ. ಕಂಡಕ್ಟರಮ್ಮನಿಗೆ ವಿಷಯ ಹೇಳಿ, ನಾನು ಎಲ್ಲಾದರೂ ಅವಸರ ಮಾಡಿದರೆ ಬೆಲ್ ಹೊಡಿ ತಂಗಿ ಎಂದ. ಕನ್ನಡಿ ನೋಡಿದ, ಇಂಡಿಕೇಟರ್ ಹಾಕಿದ, ಹೊರಟ. ಹತ್ತೊಂಬತ್ತು ಸ್ಟಾಪಿನಲ್ಲೂ ನಿಂತ. ಗ್ರಂಥಾಲಯದ ಎದುರು ಒಬ್ಬ ತಾಯಿ ಎರಡು ಮಕ್ಕಳನ್ನೂ ಒಂದು ಮಡಚುವ ಗಾಡಿಯನ್ನೂ ಹತ್ತಿಸುವವರೆಗೆ ಕಾದ; ಆ ಒಂದು ನಿಮಿಷ ಅವನಿಗೆ ಒಂದು ವರ್ಷವಾಯಿತು. ಬೆಲ್ ಹೊಡೆಯುವ ಪ್ರಮೇಯ ಬರಲಿಲ್ಲ. ಡಿಪೋದಲ್ಲಿ ಲಾಗ್ ಶೀಟಿಗೆ ಸಹಿ ಹಾಕಿ ನೇರ ಆಸ್ಪತ್ರೆಗೆ ಹೋದ.

ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಕುಳಿತಿದ್ದಳು, ಸೆರಗಿನ ತುಂಬ ದಾರದ ಚೂರು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಸರಿಯಾದ ಹೊತ್ತಿಗೆ ತಂದಿದ್ದೀರಿ ಅಂದರು ಡಾಕ್ಟರು, ನೀರು ಇಳಿಯುತ್ತಿದೆ, ಮಾತ್ರೆ ಹೆಚ್ಚಿಸುತ್ತಾರಂತೆ ಎಂದಳು. ಅವನು ಪಕ್ಕದಲ್ಲಿ ಕುಳಿತ. ಐದು ಗಂಟೆಗೆ ಮೊದಲೇ ಎಣಿಸಿದ್ದು ಹೇಗೆ ಎಂದು ಅವನಿಗೆ ಆಗ ಹೊಳೆಯಿತು, ಕೇಳಿಯೂಬಿಟ್ಟ.

ಅವಳು ಟೇಪನ್ನು ಬೆರಳಿಗೆ ಸುತ್ತುತ್ತ ಹೇಳಿದಳು, "ನಾನೂ ದಿನಾ ಎಣಿಸ್ತೀನಿ. ಮಧ್ಯಾಹ್ನ, ನೀವಿಲ್ಲದಾಗ. ಇಬ್ಬರೂ ಹೆದರಿಕೊಂಡು ಕೂತ್ರೆ ಮನೆ ನಡೆಯುತ್ತಾ ಅಂತ ಹೇಳಿರಲಿಲ್ಲ, ಅಷ್ಟೇ."

ಇಷ್ಟು ದಿನ ಅವಳು ಬೈದದ್ದೆಲ್ಲ ಯಾವುದರ ಮೇಲೆ ಹಾಕಿದ ಮುಚ್ಚಳವೆಂದು ಅವನಿಗೆ ಅರ್ಥವಾಯಿತು. ಅವನು ಅವಳ ಸೆರಗಿನ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದ. ಅಂದಿನಿಂದ ಐದು ಗಂಟೆಯ ಲೆಕ್ಕ ಇಬ್ಬರದೂ ಆಯಿತು. ಒಂದು ದಿನ ಅವನು, ಒಂದು ದಿನ ಅವಳು.

ಮೂರನೇ ದಿನ ಗೇರು ಮನೆಗೆ ಬಂತು. ಈಗ ಅದಕ್ಕೆ ಹತ್ತು ತುಂಬಿದೆ. ಹೃದಯ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಮೊನ್ನೆ ಗಂಡ ಹೆಂಡತಿ ಧೈರ್ಯ ಮಾಡಿ, ವರ್ಷದಿಂದ ಮುಂದೂಡುತ್ತ ಬಂದಿದ್ದ ಪ್ರಯಾಣ ಕೈಗೊಂಡು, ಅವಳ ಅಕ್ಕನ ಮನೆಗೆ ಎರಡು ದಿನಕ್ಕೆ ಹೋದರು. ಮನೆಯಲ್ಲಿ ಉಳಿದವಳು ಕಂಡಕ್ಟರಮ್ಮ. ಟವೆಲ್ಲು, ಮಾತ್ರೆ, ಗಂಟಲು ಸವರುವ ಕ್ರಮ ಎಲ್ಲವನ್ನೂ ಅವಳಿಗೆ ಮೂರು ಸಲ ತೋರಿಸಿಕೊಟ್ಟಿದ್ದ. ನಾಲ್ಕನೇ ಸಲಕ್ಕೆ ಅವಳೇ ಅವನನ್ನು ಬಾಗಿಲಾಚೆ ನೂಕಿದಳು. ಸಂಜೆ ಐದೂಕಾಲಿಗೆ ಅವಳ ಫೋನ್ ಬಂತು.

"ಇಪ್ಪತ್ತೇಳು ಅಣ್ಣ. ಮಾತ್ರೆ ಹೊಟ್ಟೆಗೆ ಹೋಗಿದೆ, ಶೂ ಒಳಗೂ ನೋಡ್ದೆ. ಇನ್ನು ನಾಳೆ ಐದಕ್ಕೇ ಫೋನ್ ಮಾಡ್ತೀನಿ."

ಅವನು ಇನ್ನೇನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು.