ಬೀಗರನ್ನು ಮೊದಲು ನೋಡ್ರಿ

ಮೆಟ್ರೊ ಕೆಂಗೇರಿ ಮುಟ್ಟಿದ ಮರುವರ್ಷ. ಮೈಸೂರು ರಸ್ತೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ ನಾನು ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿತ್ತು. ಸಿಡುಕಿ ಎಂಬ ಹೆಸರು ಮಾತ್ರ ಆಗಲೇ ಗಟ್ಟಿಯಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಮದುವೆ ಮುಗಿಸಿ, ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ಕೆಂಗೇರಿಯ ಛತ್ರದಿಂದ ರಾಜರಾಜೇಶ್ವರಿನಗರಕ್ಕೆ ಹೊರಟಿದ್ದ ಬಸ್ಸು ಮಗುಚಿಬಿತ್ತು. ವಧೂವರರು ಮುಂದಿನ ಕಾರಿನಲ್ಲಿದ್ದರು. ಬಸ್ಸಿನಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಆಂಬುಲೆನ್ಸ್, ಆಟೊ, ಡೆಲಿವರಿ ಹುಡುಗರ ಬೈಕು, ಸಿಕ್ಕಿದ್ದರಲ್ಲೆಲ್ಲ ನಮ್ಮಲ್ಲಿಗೆ ತಂದರು.

ಇಂಥ ಹೊತ್ತಿನಲ್ಲಿ ಚಿಕಿತ್ಸೆಗಿಂತ ಮೊದಲು ವಿಂಗಡಣೆ. ಅದಕ್ಕೆ ಟ್ರಯಾಜ್ ಎನ್ನುತ್ತೇವೆ. ತಕ್ಷಣ ನೋಡಬೇಕಾದವರ ಕೈಗೆ ಕೆಂಪು ಪಟ್ಟಿ, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆದಾಡುವವರಿಗೆ ಹಸಿರು, ಕೈಮೀರಿದವರಿಗೆ ಕಪ್ಪು. ಕಪ್ಪು ಕಟ್ಟುವುದು ಎಷ್ಟು ವರ್ಷವಾದರೂ ಅಭ್ಯಾಸವಾಗುವುದಿಲ್ಲ. ಅಂದು ಅದನ್ನು ವರನ ತಂದೆಗೆ ಕಟ್ಟಿದೆ. ಪಕ್ಕದ ಟ್ರಾಲಿಯಲ್ಲಿ ಕಾಲು ಮುರಿದು ಮಲಗಿದ್ದ ಅವರ ಹೆಂಡತಿ ಶಾಂತಕ್ಕನಿಗೂ ನಾನೇ ಹೇಳಿದೆ. ಅವರು ಅಳಲಿಲ್ಲ. ಟ್ರಾಲಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡರು.

ಹಸಿರು ಪಟ್ಟಿಯವರಲ್ಲಿ ವಧುವಿನ ತಾಯಿ ಗಿರಿಜಕ್ಕ ಇದ್ದರು. ಎರಡೂ ಮನೆಯವರು ಹಾವೇರಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಗಿರಿಜಕ್ಕ ನೀರಿನ ಬಾಟಲಿ ಹಿಡಿದು ಒಬ್ಬೊಬ್ಬ ಬೀಗರನ್ನೂ ವಿಚಾರಿಸುತ್ತಿದ್ದರು.

"ಆಪರೇಷನ್ ಆಗೋರಿಗೆ ನೀರು ಕೊಡ್ಬಾರ್ದಮ್ಮ!" ಎಂದು ಗದರಿದೆ. ಬಾಟಲಿ ಇಟ್ಟು, ಸೆರಗಿನಿಂದ ಗಾಳಿ ಬೀಸತೊಡಗಿದರು.

ಹಸಿರು ಕಟ್ಟಿದರೆ ನಮ್ಮ ಕೆಲಸ ಮುಗಿಯಿತೆಂದಲ್ಲ, ಅಂಥವರನ್ನೂ ಮತ್ತೆ ಮತ್ತೆ ನೋಡಬೇಕು. ಎರಡನೇ ಸುತ್ತಿನಲ್ಲಿ ಗಿರಿಜಕ್ಕನ ಕೈ ಹಿಡಿದಾಗ ನನಗೆ ದಿಗಿಲಾಯಿತು. ಕೈ ತಣ್ಣಗಿತ್ತು, ನಾಡಿ ಓಡುತ್ತಿತ್ತು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬೇಕು.

"ಮಲಗಿ, ಸ್ಕ್ಯಾನ್ ಮಾಡ್ಬೇಕು."

"ನನಗೇನೂ ಆಗಿಲ್ರೀ. ಬೀಗರನ್ನು ಮೊದಲು ನೋಡ್ರಿ. ಹೆಣ್ಣಿನ ಕಡೆಯವ್ರು ನಾವು, ಅವರಿಗಿಂತ ಮೊದಲ ಮಲಗಿದ್ರ ಹೆಂಗ?"

ಬೇಡಿದೆ, ಬೈದೆ. "ಪ್ರಾಣ ಹೋಗುತ್ತೆ" ಎಂದೂ ಹೇಳಿದೆ. ಛತ್ರದಲ್ಲಿ ಕೊನೆಯ ಪಂಕ್ತಿಗೆ ಕಾಯುವವರಂತೆ ಅವರು ನಿಂತೇ ಇದ್ದರು.

ಆಗ ಶಾಂತಕ್ಕ ಟ್ರಾಲಿಯಿಂದ ಕೈ ಚಾಚಿ ಅವರ ಸೆರಗು ಹಿಡಿದರು.

"ಅಕ್ಕಾರ, ನಮ್ಮನಿಯವ್ರು ಹೋದ್ರು. ಇವತ್ತಿಗೆ ಒಬ್ರು ಸಾಕು. ಬೀಗತಿ ಹೇಳಾಕತ್ತೀನಿ, ಮಲಕೊಳ್ರಿ."

ಗಿರಿಜಕ್ಕ ಅವರ ಮುಖ ನೋಡಿದರು. ಖಾಲಿ ಟ್ರಾಲಿಯೊಂದನ್ನು ಹತ್ತಿ ಮಲಗಿದರು.

ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆಯಲ್ಲಿ ರಕ್ತ ತುಂಬಿತ್ತು. ಇನ್ನಷ್ಟು ತಡವಾಗಿದ್ದರೆ ಎರಡನೇ ಕಪ್ಪು ಪಟ್ಟಿಯನ್ನೂ ನಾನೇ ಕಟ್ಟಬೇಕಾಗುತ್ತಿತ್ತು. ನೇರ ಆಪರೇಷನ್ ಥಿಯೇಟರಿಗೆ ಒಯ್ದೆವು, ಉಳಿದರು.

ಮಗು ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎನ್ನುತ್ತಾರೆ. ನನ್ನ ವೃತ್ತಿ ಕಲಿಸಿದ್ದು ಅದಕ್ಕೆ ತಿರುಗುಮುರುಗು. ಅಳುವವರ ನಡುವೆ ಅಳದೆ ನಿಂತವರನ್ನು ಹುಡುಕಿಕೊಂಡು ಹೋಗಬೇಕು. ಅಂದು ಅಂಥವರು ಇಬ್ಬರಿದ್ದರು.

ಮರುದಿನ ಐಸಿಯುವಿನಲ್ಲಿ ಎಚ್ಚರವಾದ ಗಿರಿಜಕ್ಕ ಕೇಳಿದ ಮೊದಲ ಮಾತು, "ಬೀಗತ್ಯಾರು ಏನರ ತಿಂದ್ರೇನ್ರೀ?"

ನಾನು ವಾರ್ಡಿಗೆ ಹೋಗಿ ಅದನ್ನು ಹಾಗೆಯೇ ಶಾಂತಕ್ಕನಿಗೆ ತಲುಪಿಸಿದೆ. ಆವರೆಗೆ ಹನಿಗಣ್ಣಾಗದ ಅವರು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ, ಬೆಳಗಿನಿಂದ ಮುಟ್ಟದಿದ್ದ ಗಂಜಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡು, "ತಿಂದ್ರು ಅಂತ ಹೇಳ್ರಿ" ಅಂದರು.