ಜೊತೆಗೆ ಬಂದವರು ಹೊರಗೆ ಕೂತ ದಿನ

ಮೊನ್ನೆ ಕೊಪ್ಪದಲ್ಲಿ ಬಸ್ಸಿಳಿದು ನಡೆಯುವಾಗ ಪಂಚರ್ ಹಾಕುವ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿಯಿತು. ತಂಗಿಯ ಮಗಳ ಕೈ ಜಗ್ಗಿ ನಿಲ್ಲಿಸಿದೆ. ಹುಟ್ಟಿನಿಂದ ಕಣ್ಣು ಕಾಣದ ನನಗೆ ಮನುಷ್ಯರು ನೆನಪಾಗುವುದು ಹೀಗೇ. ಪಂಚರ್ ಅಂಗಡಿಯ ಅಣ್ಣ...

ಊರಿನ ಬಸ್ಸಿಗೆ ಕಾಯುತ್ತ ಅಲ್ಲಿ ನಿಂತಾಗೆಲ್ಲ ಅವರ ಧ್ವನಿ ನನ್ನ ಸೊಂಟದ ಕೆಳಗಿಂದ ಬರುತ್ತಿತ್ತು. ಯಾವಾಗ ಬಂದರೂ ಕೂತೇ ಇರುತ್ತಾರಲ್ಲ, ಎಂಥ ಸೋಮಾರಿ ಅಂದುಕೊಂಡಿದ್ದೆ! ಪೋಲಿಯೋದಿಂದ ಕಾಲು ಸೋತು, ಹವಾಯಿ ಚಪ್ಪಲಿಯನ್ನು ಕೈಗೆ ಹಾಕಿಕೊಂಡು ನಡೆಯುತ್ತಾರೆ ಅಂತ ಆಮೇಲೆ ತಿಳಿಯಿತು. ಲಾರಿ ಟಯರ್ ಹೇಗೆ ಬಿಚ್ಚುತ್ತೀರಿ, ಮಳೆಯಲ್ಲಿ ಕೈ ಜಾರುವುದಿಲ್ಲವಾ ಅಂತ ಕೇಳಿ ಕೇಳಿ ಅವರ ತಲೆ ತಿನ್ನುತ್ತಿದ್ದೆ. "ಕೇಳ್ತಾ ಕೂರಬೇಡ ಮಾರಾಯ್ತಿ, ಮುಟ್ಟಿ ನೋಡು" ಅಂತ ಟ್ಯೂಬನ್ನೇ ಕೈಗೆ ಕೊಡುತ್ತಿದ್ದರು.

ಅಂಗವಿಕಲರ ಸರ್ಟಿಫಿಕೇಟ್ ಕೊಡುವ ಡಾಕ್ಟರು ಕೊಪ್ಪಕ್ಕೆ ಬಂದ ದಿನ ಶೃಂಗೇರಿ, ನರಸಿಂಹರಾಜಪುರ ಕಡೆಯವರೂ ಸಾಲು ನಿಲ್ಲುತ್ತಿದ್ದೆವು. ನಾನು ಶೆಟ್ಟಿಕೊಪ್ಪದಿಂದ ಅಮ್ಮನ ಜೊತೆ ಬರುತ್ತಿದ್ದೆ. "ಇವಳ ಹೆಸರೇನು?" ಅಂತ ಡಾಕ್ಟರು ಕೇಳುವುದು ಅಮ್ಮನನ್ನು. ನಾನು ಪಕ್ಕದಲ್ಲಿ ಕಂಬದ ಹಾಗೆ. ಒಮ್ಮೆ ಸಾಲಿನಲ್ಲಿದ್ದ ಅಣ್ಣ ಕೇಳಿಯೇಬಿಟ್ಟರು, "ಹೆಸರು ಹೇಳಕ್ಕೂ ಅಮ್ಮ ಬೇಕಾ? ಒಂದಿನ ನಾವ್ ನಾವೇ ಕೂರಣ. ಸಂಘ ಮಾಡಣ." ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ಕಂಬದ ಹಾಗೆ ನಿಂತಿದ್ದ ನನ್ನ ಮೇಲೇ.

ಮೊದಲ ಸಭೆಗೆ ಕಾಫಿ ತೋಟದ ಸಾಹುಕಾರರೊಬ್ಬರು ಗೋಡೌನ್ ಬಿಟ್ಟುಕೊಟ್ಟರು. ಅವರೇ ಅಧ್ಯಕ್ಷರು ಅಂತ ಊರೆಲ್ಲ ತಿಳಿದಿತ್ತು, ಅವರೂ ಹಾಗೇ ತಿಳಿದಿದ್ದರು. ಅಣ್ಣ ಬಾಗಿಲಲ್ಲಿ ಕೂತು, ಜೊತೆಗೆ ಬಂದವರನ್ನೆಲ್ಲ, ಸಾಹುಕಾರರನ್ನೂ ಸೇರಿಸಿ, ಹೊರಗೆ ಕಾಫಿ ಕುಡಿಯಲು ಕಳಿಸಿಬಿಟ್ಟರು.

"ನನ್ ಮಗಳಿಗೆ ಬಾಯಾರಿದ್ರೆ?" ಅಮ್ಮ ಜಗಳಕ್ಕೇ ನಿಂತಳು.

"ಕೇಳ್ತಾಳೆ ಬಿಡಿ ಅಮ್ಮ, ಬಾಯಿದೆಯಲ್ಲ."

ಬಾಗಿಲು ಹಾಕಿದ್ದೇ ಫಜೀತಿ ಶುರು. ಕಿಗ್ಗದಿಂದ ಬಂದವರೊಬ್ಬರು ಅಧ್ಯಕ್ಷತೆಗೆ ನನ್ನ ಹೆಸರು ಹೇಳಿದರು, ಇನ್ನೊಬ್ಬರು ಸಾಹುಕಾರರೇ ಇರಲಿ ಅಂದರು. ಕೈ ಎತ್ತಿದರೆ ನನಗೆ ಕಾಣುವುದಿಲ್ಲ. ಎಣಿಸಿ ಹೇಳುತ್ತೇವೆ ಅಂದರು. ಮತ್ತೆ ಬೇರೆಯವರ ಬಾಯೇ? ಆಗಲ್ಲ ಅಂದೆ. ಬಾಯಲ್ಲಿ ಹೇಳಿದರೆ ಮೆಣಸೆ ಊರಿನ ಬಡಗಿಗೆ ಕಿವಿ ಕೇಳುವುದಿಲ್ಲ. ಅವನಿಗೆ ಸನ್ನೆಯಲ್ಲಿ ತಿಳಿಸುತ್ತಿದ್ದ ಅವನ ಅಕ್ಕನನ್ನೂ ನಾವೇ ಹೊರಗೆ ಹಾಕಿದ್ದೆವು! ಎದ್ದು ನಿಲ್ಲಿ ಅಂತ ಯಾರೋ ಅಂದರು. "ನಿಂತೇ ಇದ್ದೀನಿ ಮಾರಾಯ, ನಾನಿರೋದೇ ಇಷ್ಟೆತ್ತರ" ಅಂತ ಅಣ್ಣ ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಷ್ಟರಲ್ಲಿ ಸಾಹುಕಾರರು ಬಾಗಿಲು ತಟ್ಟಿದರು. "ಆಗಲ್ವಾ? ನಾನು ಬರ್ಲಾ?"

ಅವರು ಒಳಗೆ ಬಂದರೆ ಮುಗೀತು, ಮುಂದೆಯೂ ನಮ್ಮ ಮಾತು ಬೇರೆಯವರೇ ಆಡುತ್ತಾರೆ.

ಅಣ್ಣ ಬಡಗಿಗೆ ಅದೆಂಥ ಸನ್ನೆ ಮಾಡಿದರೋ, ಇವತ್ತಿಗೂ ಗೊತ್ತಿಲ್ಲ... ಅವನು ನನ್ನ ಅಂಗೈಯನ್ನು ಉದ್ದ ಮೇಜಿನ ಮೇಲಿಟ್ಟು, ಮೇಜನ್ನು ಗುದ್ದಿದ. ನಡುಕ ಮೊಣಕೈವರೆಗೂ ಬಂತು. ಅರೆ! ಇದು ನನಗೂ ಕೇಳುತ್ತದೆ, ಅವನಿಗೂ ತಿಳಿಯುತ್ತದೆ. ಎಲ್ಲರೂ ಮೇಜಿನ ಸುತ್ತ ಸೇರಿದೆವು. ಅಣ್ಣ ಒಂದೊಂದೇ ಹೆಸರು ಕೂಗಿ, ಬಡಗಿಗೆ ಬಾಗಿಲ ಕಡೆಗೋ ನನ್ನ ಕಡೆಗೋ ಬೆರಳು ತೋರಿಸಿದರಂತೆ. ಸಾಹುಕಾರರ ಹೆಸರಿಗೆ ಅಲ್ಲೊಂದು ಇಲ್ಲೊಂದು ಗುದ್ದು. ನನ್ನ ಹೆಸರಿಗೆ ಮೇಜು ಮುರಿಯುವುದೊಂದು ಬಾಕಿ.

ಬಾಗಿಲು ತೆರೆದಾಗ ಸಾಹುಕಾರರು "ಯಾರಂತೆ ಅಧ್ಯಕ್ಷರು?" ಅಂದರು. ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿದೆ. "ಇನ್ನು ನಾನೆಂತ ಮಾಡ್ಲಿ?" ಅಂತ ಅಮ್ಮ ಮೆಲ್ಲಗೆ ಅಂದಳು. ಖುಷಿಯೋ ದುಃಖವೋ, ನನಗೆ ತಿಳಿಯಲಿಲ್ಲ.

ಸಂಘ ಈಗ ಮೂರು ತಾಲ್ಲೂಕಿಗೂ ಹಬ್ಬಿದೆ. ಅಣ್ಣ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ತಾವೇ ಯಾಕೆ ಅಧ್ಯಕ್ಷರಾಗಲಿಲ್ಲ ಅಂತ ಅವರನ್ನು ಕೇಳಬೇಕಿತ್ತು. ಹಾಳು ಮೂಳು ಎಲ್ಲ ಕೇಳಿದೆ, ಅದೊಂದು ಬಿಟ್ಟು...

ಮೊನ್ನೆ ಅಂಗಡಿಯಲ್ಲಿದ್ದ ಹೊಸಬ "ಇವರಿಗೆ ಏನ್ ಬೇಕಂತೆ?" ಅಂತ ತಂಗಿಯ ಮಗಳನ್ನು ಕೇಳಿದ.

"ನನ್ನನ್ನೇ ಕೇಳು" ಅಂತ ಗದರಿದೆ.

"ಏನ್ ಬೇಕಿತ್ತಮ್ಮಾ?"

ನನಗೆ ಬೇಕಾದವರು ಇಲ್ಲೇ ಇದ್ದರು ಅನ್ನಲು ಹೋದೆ. ಅಳು ಬಂತು. ಎಷ್ಟೋ ವರ್ಷಗಳ ಮೇಲೆ, ಅವತ್ತು ನನ್ನ ಮಾತನ್ನು ಜೊತೆಗೆ ಬಂದವಳೇ ಹೇಳಬೇಕಾಯಿತು.