ತೊಂದರೆ ಇರುವ ಜಾಗದಿಂದಲೇ ಕರೆ ಮಾಡಿ

ಚಿಕ್ಕಮಗಳೂರಿನಲ್ಲಿ ಮೊಬೈಲ್ ಕಂಪನಿಯೊಂದರ ಕಾಲ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಗ್ರಾಹಕರು ಏನೇ ಹೇಳಲಿ, ಸ್ಕ್ರೀನಿನ ಮೇಲೆ ಬಂದದ್ದನ್ನೇ ನಾವು ಓದಬೇಕು. ಸ್ವಂತ ಬುದ್ಧಿ ಉಪಯೋಗಿಸಿದರೆ ಸೂಪರ್‌ವೈಸರ್ ಹರಿಹಾಯುತ್ತಿದ್ದ.

ಒಂದು ಮಧ್ಯಾಹ್ನ ಕೊಟ್ಟಿಗೆಹಾರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಏದುಸಿರು ಬಿಡುತ್ತಾ ಫೋನ್ ಮಾಡಿದರು.

"ಮೇಡಂ, ಮನೆ ಹತ್ರ ನೆಟ್‌ವರ್ಕೇ ಇಲ್ಲ. ಹೆಂಡ್ತಿಗೆ ದಿನ ತುಂಬಿದೆ. ನೋವು ಬಂದ್ರೆ ಜೀಪಿನವ್ರನ್ನ ಕರೆಯೋಕೂ ಗುಡ್ಡ ಹತ್ಬೇಕು. ಈಗ್ಲೂ ಗುಡ್ಡದ ಮೇಲಿಂದ್ಲೇ ಮಾತಾಡ್ತಿದೀನಿ."

ನಾನು ಓದಿದೆ: "ದಯವಿಟ್ಟು ತೊಂದರೆ ಇರುವ ಜಾಗದಿಂದಲೇ ಕರೆ ಮಾಡಿ."

ಗಾಳಿಯ ಸದ್ದನ್ನು ಮೀರಿ ಅವರು ಕೂಗಿದರು.

"ಅಲ್ಲ ಮಾರಾಯ್ತಿ, ಅಲ್ಲಿಂದ ಕಾಲ್ ಹೋಗೋದಾಗಿದ್ರೆ ನಿಮ್ಗ್ಯಾಕೆ ಮಾಡ್ತಿದ್ದೆ?"

ನಾಚಿಕೆಯಾಗಿ, ನಿಯಮ ಬದಿಗಿಟ್ಟು, ತುರ್ತು ಎಂದು ದೂರು ದಾಖಲಿಸಿದೆ. ಮರುದಿನ ನೋಡಿದರೆ ಸೂಪರ್‌ವೈಸರ್ ಆ ದೂರನ್ನು ‘ಮುಗಿದಿದೆ’ ಎಂದು ಮುಚ್ಚಿಬಿಟ್ಟಿದ್ದ.

"ಖಾತ್ರಿ ಮಾಡ್ಕೊಳ್ಳೋಕೆ ಅವರ ಮೊಬೈಲಿಗೇ ಫೋನ್ ಮಾಡಿದೆ. ಸಿಗಲೇ ಇಲ್ಲ. ನಿಜವಾಗಿ ತೊಂದರೆ ಇದ್ದೋರು ಫೋನ್ ಎತ್ತಲ್ವಾ?"

"ಸಾರ್, ಫೋನ್ ಸಿಗಲ್ಲ ಅನ್ನೋದೇ ಅವರ ದೂರು."

"ನೀನು ತಲೆ ಓಡಿಸ್ಬೇಡ. ಸ್ಕ್ರೀನ್ ಓದು."

ವಾರದ ನಂತರ ರೈಟರೇ ಮೂಡಿಗೆರೆ ಆಸ್ಪತ್ರೆಯಿಂದ ಮಾತಾಡಿದರು. "ನೋವು ಬಂತು ಅಂತ ಜೀಪಿಗೆ ಫೋನ್ ಮಾಡಿ ನಾನು ಗುಡ್ಡ ಇಳಿಯೋದ್ರೊಳಗೆ ಮಗು ಹುಟ್ಟಿತ್ತು. ಪುಣ್ಯಕ್ಕೆ ಇಬ್ರೂ ಚೆನ್ನಾಗಿದಾರೆ. ನಿಮ್ಮ ಸ್ಕ್ರೀನಿಗೂ ಹೇಳಿಬಿಡಿ."

ಆಮೇಲೆ ಮಳೆ ಜೋರಾಗಿ ಆ ಗುಡ್ಡದ ಮೇಲಿನ ನೆಟ್‌ವರ್ಕೂ ಹೋಯಿತು. ಕೊಟ್ಟಿಗೆಹಾರದ ಕಡೆಯಿಂದ ದೂರುಗಳೇ ನಿಂತುಹೋದವು ಎಂದು ಸೂಪರ್‌ವೈಸರ್ ಕೇಕ್ ಕತ್ತರಿಸಿದ.